ಮುಂಡರಗಿಯಲ್ಲಿ ಹೊಡೆದ ಗೋಲು

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬೆಟಗೇರಿಯಲ್ಲಿ ಹುಡುಗಿ ಚೆಂಡು ಒದ್ದರೆ ಚೆಂಡು ಎಲ್ಲಿಗೆ ಹೋಯಿತೆಂದು ಯಾರೂ ನೋಡುತ್ತಿರಲಿಲ್ಲ. ಕಾಲು ಎಲ್ಲಿಯವರೆಗೆ ಕಂಡಿತೆಂದು ಊರೇ ನೋಡುತ್ತಿತ್ತು. ನಾನು ಹುಡುಗಿಯರ ಫುಟ್‌ಬಾಲ್ ತಂಡದ ಫಾರ್ವರ್ಡ್. ಗೋಲು ಹೊಡೆಯುವುದು ನನ್ನ ಕೆಲಸ.

ಅಪ್ಪ ಖಡಾಖಂಡಿತ ಹೇಳಿದ್ದ. "ರಾಜ್ಯದ ಟೀಮಿಗೆ ಆರಿಸ್ಕೊಂಡ್ರ ಆಡವಾ, ನಾ ಅಡ್ಡ ಬರಂಗಿಲ್ಲ. ಇಲ್ಲಂದ್ರ ಡಂಬಳದಾವ್ರಿಗೆ ಹೂಂ ಅಂತೀನಿ."

ಡಂಬಳದ ಗಂಡಿನ ಕಡೆಯವರು ಆಗಲೇ ನನ್ನನ್ನು ನೋಡಿ ಮೆಚ್ಚಿ ಹೋಗಿದ್ದರು. "ಹುಡುಗಿ ಚುರುಕ ಅದಾಳ" ಅಂದಿದ್ದರಂತೆ. ಯಾತಕ್ಕೆ ಚುರುಕು ಬೇಕೆಂದು ನನಗೆ ತಿಳಿಯದೆ ಇರಲಿಲ್ಲ. ಕೊಡ ಹೊರುವುದಕ್ಕೆ.

ರಾಜ್ಯದ ತಂಡಕ್ಕೆ ಆರಿಸುವ ಸಾಹೇಬರು ಬೆಂಗಳೂರಿನಿಂದ ಮುಂಡರಗಿಯ ಪಂದ್ಯಕ್ಕೆ ಬಂದರು. ಗದಗಿನ ಕೊನೆಯ ಬಸ್ಸಿಗೆ ಅವರು ಮರಳಬೇಕಿತ್ತು. ಆದರೆ ನಮ್ಮ ಕಡೆ ದೊಡ್ಡವರು ಬಂದರೆ ಸತ್ಕಾರವಿಲ್ಲದೆ ಬಿಡುವುದುಂಟೆ? ಹಾರ ಬಂತು, ಶಾಲು ಬಂತು, ತೆಂಗಿನಕಾಯಿ ಬಂತು. ಕಮಿಟಿಯ ಅಧ್ಯಕ್ಷರು, ಹೆಣ್ಣುಮಕ್ಕಳಿಗೆ ಅವಕಾಶ ಕೊಡಬೇಕೆಂದು, ಹೊತ್ತು ಇಳಿಯುವವರೆಗೂ ಭಾಷಣ ಬಿಗಿದರು. ಅವಕಾಶಕ್ಕಾಗಿ ನಾವು ಮೈದಾನದಲ್ಲಿ ಸಾಲಾಗಿ ನಿಂತು ಬೆವರುತ್ತಿದ್ದೆವು.

ಅಂತೂ ಆಟ ಶುರುವಾಯಿತು. ಚೆಂಡು ಸಿಕ್ಕಿದ್ದೇ ತಡ, ಇಬ್ಬರನ್ನು ದಾಟಿದೆ. ಗೋಲ್‌ಕೀಪರ್ ಎಡಕ್ಕೆ ಬಿದ್ದಳು, ನಾನು ಬಲಕ್ಕೆ ಒದ್ದೆ. ಗೋಲು! ಕುಣಿಯುತ್ತ ವೇದಿಕೆಯ ಬುಡಕ್ಕೇ ಓಡಿದೆ. ಕಂಡದ್ದು ಸಾಹೇಬರ ಬೆನ್ನು. ಸತ್ಕಾರದಲ್ಲಿ ಸಾಹೇಬರ ತಲೆಗೆ ರುಮಾಲು ಸುತ್ತುವುದು ಅಧ್ಯಕ್ಷರಿಗೆ ಮರೆತಿತ್ತಂತೆ, ಈಗ ಸುತ್ತುತ್ತಿದ್ದರು. ಫೋಟೋದವನು ಇಬ್ಬರನ್ನೂ ಮೈದಾನಕ್ಕೆ ಬೆನ್ನು ಮಾಡಿ ನಿಲ್ಲಿಸಿದ್ದ.

"ಗೋಲು ಹೊಡೆದದ್ದು ಯಾರು?" ಸಾಹೇಬರು ತಿರುಗಿ ಕೇಳಿದರು.

"ಎಲ್ಲಾರೂ ನಮ್ಮ ಹೆಣ್ಮಕ್ಕಳ ಅಲ್ರೀ ಸಾಹೇಬ್ರ," ಅಧ್ಯಕ್ಷರು ಕೈಮುಗಿದರು. "ಒಬ್ಬಾಕಿ ಹೆಸರು ಹೇಳಿದ್ರ ಉಳದವ್ರಿಗೆ ಬ್ಯಾಸರ ಆಕ್ಕೈತಿ."

ಬೆಂಕಿ ಹತ್ತಲಿ ಆ ದೊಡ್ಡತನಕ್ಕೆ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ. ನಾನು ಬಾಯಿ ತೆರೆಯುವಷ್ಟರಲ್ಲಿ ರೆಫರಿ ಸೀಟಿ ಊದಿ ಕರೆದ.

ಆಟ ಮುಗಿಯುವ ಮೊದಲೇ ಸಾಹೇಬರು ಬಸ್ಸಿಗೆಂದು ಎದ್ದರು. ನಾನು ಆಟ ಬಿಟ್ಟು, ಚಡ್ಡಿಯಲ್ಲೇ ಪೇಟೆಯ ನಡುವೆ ಅವರ ಹಿಂದೆ ಓಡಿದೆ. ಅಂಗಡಿಯವರೆಲ್ಲ ತಕ್ಕಡಿ ಕೈಬಿಟ್ಟು ನೋಡಿದರು. ಅಷ್ಟು ಜನ ಪಂದ್ಯಕ್ಕೂ ಬಂದಿರಲಿಲ್ಲ.

ಬಸ್ಸಿನ ಕಿಟಕಿ ಬಡಿದೆ. "ಸರ, ಆ ಗೋಲ್ ಹೊಡದಾಕಿ ನಾನ್ರೀ!"

"ಅಯ್ಯೋ, ನಾನು ನೋಡಲೇ ಇಲ್ವಲ್ಲಮ್ಮ. ನೋಡದೆ ಹೇಗೆ ಆರಿಸ್ಲಿ? ಮುಂದಿನ ವರ್ಷ ಖಂಡಿತ ಬರ್ತೀನಿ, ಚೆನ್ನಾಗಿ ಆಡ್ತಿರು."

ಒಳ್ಳೆಯ ಮನುಷ್ಯ. ಹೇಳಿದಂತೆ ಮರುವರ್ಷ ಬಂದರಂತೆ. ಆಗ ನಾನು ಡಂಬಳದಲ್ಲಿ ತುಂಬಿದ ಬಸುರಿ.