ಅಂಗಿ ಮಗುಚುವಷ್ಟು ಹೊತ್ತು

ನಲ್ಲಿ ನಿಲ್ಲುವ ಮೊದಲು ಎಂಟು ಕೊಡ ತುಂಬಿಸುವುದು. ಅತ್ತೆಯನ್ನು ಎತ್ತಿ ಕೂರಿಸಿ, ಪಾತ್ರೆ ಹಿಡಿದು, ಒರೆಸಿ, ಮತ್ತೆ ಮಲಗಿಸುವುದು. ಇದ್ದಿಲು ಹೊತ್ತಿಸಿ ಹೊಗೆ ಕಳೆಯುವವರೆಗೆ ಹೊರಗಿಟ್ಟು, ಆ ಸಂದಿನಲ್ಲೇ ಮಗಳ ಡಬ್ಬಿಗೆ ಅಡುಗೆ. ಹಿಂದಿನ ದಿನದ ಗಂಟು ಬಿಚ್ಚಿ, ದಾರದ ಗುರುತು ನೋಡಿ ಯಾರ ಮನೆಯ ಬಟ್ಟೆ ಯಾವುದೆಂದು ಬೇರ್ಪಡಿಸಿ, ನೀರು ಚಿಮುಕಿಸಿ ಸುತ್ತಿಡುವುದು. ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುವುದು. ಬೆಳಕು ಹರಿಯುವಷ್ಟರಲ್ಲಿ ಇಷ್ಟೂ ಮುಗಿಯಬೇಕು. ಇದರ ಜೊತೆಗೆ ಹಾಡಲು ಒಂದು ಪದ ಕಟ್ಟುವುದೂ ಇರುತ್ತಿತ್ತು. ಅದನ್ನು ಯಾರೂ ಕೆಲಸವೆಂದು ಹಿಡಿದಿರಲಿಲ್ಲ, ಇಪ್ಪತ್ತು ವರ್ಷ ಅವಳೂ ಹಿಡಿದಿರಲಿಲ್ಲ.

ಬೀದಿಗೆಲ್ಲ ಅವಳು ಇಸ್ತ್ರಿಯಕ್ಕ, ಗಂಡ ಪದದಣ್ಣ. ಸಂಜೆ ಮಾರುಕಟ್ಟೆಯ ಮೂಲೆಯಲ್ಲಿ ತಗಡಿನ ಡಬ್ಬ ಬಡಿಯುತ್ತ ಅವನು ಹಾಡಲು ನಿಂತರೆ ತರಕಾರಿಯವರು ತಕ್ಕಡಿ ಕೆಳಗಿಡುತ್ತಿದ್ದರು. ನಲ್ಲಿಯ ಪದ, ಬಾಡಿಗೆಮನೆಯ ಪದ, ಕುಸಿದ ಸೇತುವೆಯ ಪದ. ಬೀದಿಯಲ್ಲಿ ಏನೇ ಆಗಲಿ, ಎರಡು ದಿನದೊಳಗೆ ಅದು ಬೀದಿಯವರು ಬಯ್ಯುವ ಮಾತಿನಲ್ಲೇ ಪದವಾಗಿ ಮೂಲೆಗೆ ಬರುತ್ತಿತ್ತು. ಕಟ್ಟುವವಳು ಇವಳು. ಮೇಜಿನ ಮುಂದೆ ನಿಂತು ಪೆಟ್ಟಿಗೆ ತಳ್ಳುತ್ತ, ತಳ್ಳಿದ ಏಟಿಗೊಂದು ಮಾತು ಕೂರಿಸುವಳು. ನಾಲ್ಕು ಸಲ ತಳ್ಳಿದ ಮೇಲೆ ಪೆಟ್ಟಿಗೆ ಪಕ್ಕಕ್ಕಿಟ್ಟು ಅಂಗಿ ಮಗುಚಬೇಕು. ಅಷ್ಟು ಹೊತ್ತು ಬಾಯಿ ಸುಮ್ಮನಿರುತ್ತಿತ್ತು. ಗಂಡ ಮುಖ ತೊಳೆದು ಬಂದು, "ಏನು ಬಂತೇ ಇವತ್ತು?" ಎಂದು ಕೇಳಿ, ಆ ಖಾಲಿ ಜಾಗದ ಸಮೇತ ಕಲಿಯುತ್ತಿದ್ದ.

ಸಾಹೇಬ್ರ ಅಂಗಿ ಒಂದೂ ಸುಕ್ಕಿಲ್ಲ
ಸಾಹೇಬ್ರ ಮಾತು ಬಿಚ್ಚಿದ್ರೆ ಸುಕ್ಕೇ

ಮೊದಲ ಸಾಲಾದ ಮೇಲೆ ಅವನು ಡಬ್ಬದ ಮೇಲೆ ಅಂಗೈಯಿಟ್ಟು ನಿಂತುಬಿಟ್ಟರೆ ಜನ ಉಸಿರು ಹಿಡಿಯುತ್ತಿದ್ದರು. ಎರಡನೆಯದಕ್ಕೆ ಬಿದ್ದು ಬಿದ್ದು ನಗುತ್ತಿದ್ದರು.

ಇದನ್ನು ಕೇಳಿಯೇ ಒಬ್ಬ ಮೇಷ್ಟ್ರು ಹುಡುಕಿಕೊಂಡು ಬಂದರು. ಆಡುಮಾತಿನ ಪದಗಳನ್ನು ಪುಸ್ತಕ ಮಾಡುವುದು ಅವರ ಆಸೆ. ಗಂಡ ಹಾಡಿದ್ದನ್ನು ಮೂರು ತಿಂಗಳು ಫೋನಿನಲ್ಲಿ ಹಿಡಿದುಕೊಂಡರು. ಅವಳು ಮೂರು ತಿಂಗಳು ಚಹಾ ಕೊಟ್ಟಳು. ಒಂದು ಭಾನುವಾರ ಅಚ್ಚಿನ ಹಾಳೆಗಳನ್ನು ತಂದು, ಕಾಲು ಚಾಚಿ ಕೂತು ಕೇಳಿದರು.

"ಕವಿಗಳೇ, ಸಾಲಿಗೊಂದು ಮೌನ ಇಟ್ಟಿದೀರಲ್ಲ, ಏನು ಸೊಗಸು ಅದು. ಎಲ್ಲಿಂದ ಬಂತು?"

ಗಂಡ ಸೂರು ನೋಡಿದ. ಗುರುಗಳು ಹಾಕಿಕೊಟ್ಟ ದಾರಿ ಎಂದ. ಅವನಿಗೆ ಗುರುವೆಂಬವರು ಹುಟ್ಟಿರಲೇ ಇಲ್ಲ.

ಮಂಚದ ಮೇಲಿಂದ ಅತ್ತೆ ಬಾಯಿ ಹಾಕಿದಳು. "ಗುರುಗಳು ಅಲ್ಲಿ ಅಂಗಿ ಮಗುಚ್ತಾ ಇದಾರೆ ನೋಡಪ್ಪ. ಅವರನ್ನೇ ಕೇಳ್ಕೋ."

ಮೇಷ್ಟ್ರು ತಿರುಗಿ ಅವಳ ಕೈ ನೋಡಿದರು, ತುಟಿ ನೋಡಿದರು. ಅವರಿಗೆ ಅರ್ಥವಾಯಿತು. ಅರ್ಥವಾಗದಿದ್ದರೆ ಅವಳು ಕ್ಷಮಿಸುತ್ತಿದ್ದಳೇನೋ. ಆಮೇಲೆ ಅವರು ಮೂವತ್ತೊಂದು ಪದಗಳ ಆ ಕಟ್ಟನ್ನು, ಅದರ ಮೇಲಿದ್ದ ಒಂದೇ ಹೆಸರನ್ನು ನೋಡಿ ನಕ್ಕರು.

"ಗೊತ್ತಾಯ್ತು ತಾಯಿ. ಮುನ್ನುಡಿಯಲ್ಲಿ ಸೇರಿಸ್ತೀನಿ. ಸಹಧರ್ಮಿಣಿಯ ಪ್ರೇರಣೆಯಿಂದ ಅಂತ."

"ಪ್ರೇರಣೆ ಅಂದ್ರೆ ಏನು ಮೇಷ್ಟ್ರೇ?"

"ಅಂದ್ರೆ, ಬೆನ್ನ ಹಿಂದೆ ನಿಂತಿರೋದು."

"ನಾನು ನಿಂತಿರೋದು ಮೇಜಿನ ಮುಂದೆ."

ತಮಾಷೆಯೆಂಬಂತೆ ಗಂಡ ಜೋರಾಗಿ ನಕ್ಕು ಮಾತು ತೇಲಿಸಿದ. ಹಾಳೆಗಳನ್ನು ಓದಿ, ಒಪ್ಪಿಗೆಪತ್ರಕ್ಕೆ ಸಹಿ ಹಾಕಿ ಸಂಜೆಯೊಳಗೆ ತಲುಪಿಸಿ ಎಂದು ಮೇಷ್ಟ್ರು ಹೊರಟರು.

ಅವರು ಗಲ್ಲಿ ದಾಟಿದ್ದೇ ತಡ, ಗಂಡ ಶುರುಮಾಡಿದ. ಮನೆಯ ಮಾತು ಮನೆಯಲ್ಲಿರಬೇಕು. ನಿನ್ನದು ನನ್ನದು ಅಂತ ಇದೆಯಾ. ಹೆಂಡತಿ ಹೇಳಿಕೊಟ್ಟಿದ್ದನ್ನು ಹಾಡುತ್ತಾನೆ ಎಂದರೆ ತಾನು ಯಾರ ಎದುರು ತಲೆ ಎತ್ತಬೇಕು. ಸಹಿ ಹಾಕಿ, ಬಟ್ಟೆಯ ಗಂಟು ಹೆಗಲಿಗೇರಿಸಿ, ಹೊಸಿಲಲ್ಲಿ ನಿಂತು ಕೊನೆಯ ಮಾತು ಹೇಳಿದ.

"ನೀನು ಬಾಯಿಬಿಟ್ರೆ ನಾನು ಆ ಮೂಲೆಯಲ್ಲಿ ಮತ್ತೆ ಬಾಯಿಬಿಡಲ್ಲ. ನಿನ್ನ ಪದ ಗೋಡೆಗೆ ಹೇಳ್ಕೋ."

ಅದು ಬರೀ ಬೆದರಿಕೆಯಲ್ಲ ಎಂದು ಅವಳಿಗೆ ಗೊತ್ತಿತ್ತು. ಇದ್ದಿಲ ಹೊಗೆ ಕುಡಿದು ಕುಡಿದು ಅವಳ ಗಂಟಲು ಈ ಕೋಣೆ ದಾಟುತ್ತಿರಲಿಲ್ಲ. ಅವನಿಲ್ಲದೆ ಪದಗಳಿಗೆ ದನಿ ಇಲ್ಲ.

ಅವಳು ಕೈ ಒರೆಸಿಕೊಂಡು ಹಾಳೆಗಳನ್ನು ಎತ್ತಿಕೊಂಡಳು. ಐದನೇ ಕ್ಲಾಸಿನ ಓದು, ಬೆರಳಿಟ್ಟು ಓದಿದಳು. ಸಾಹೇಬ್ರ ಅಂಗಿ ಒಂದೂ ಸುಕ್ಕಿಲ್ಲ, ಓ ಗೆಳೆಯಾ. ಬೆರಳು ನಿಂತಿತು. ಹಾಳೆ ತಿರುಗಿಸಿದಳು. ಸೇತುವೆಯ ಪದದಲ್ಲೂ ಓ ಗೆಳೆಯಾ, ನಲ್ಲಿಯ ಪದದಲ್ಲೂ ಓ ಗೆಳೆಯಾ. ಕಿವಿಗೆ ಸೊಗಸಾಗಿದ್ದ ಮೌನ ಕಾಗದದ ಮೇಲೆ ಬೋಳಾಗಿ ಕಂಡಿತ್ತೇನೋ, ಮೇಷ್ಟ್ರು ಅಲ್ಲೆಲ್ಲ ಒಬ್ಬನನ್ನು ನಿಲ್ಲಿಸಿಬಿಟ್ಟಿದ್ದರು. ಇಡೀ ದಿನದಲ್ಲಿ ಅವಳ ಮೈಗಿದ್ದ ಬಿಡುವೆಂದರೆ ಅಂಗಿ ಮಗುಚುವ ಆ ಒಂದು ಕ್ಷಣ. ಅಲ್ಲಿಗೂ ಒಬ್ಬ ಗಂಡಸು ಬಂದು ಕೂತ. ಯಾವ ಗೆಳೆಯ? ಎಂದಾದರೂ ಒಂದು ಕೊಡ ಎತ್ತಿಕೊಟ್ಟವನೇ? ಅತ್ತೆಯ ಪಾತ್ರೆ ತೊಳೆದವನೇ?

"ಏನೇ ಗೊಣಗ್ತಾ ಇದೀಯ?" ಅತ್ತೆ ಕೇಳಿದಳು.

"ಗೆಳೆಯ ಸಿಕ್ಕಿದಾನೆ ಅತ್ತೆ. ಪದಕ್ಕೊಬ್ಬ."

"ಸಿಗಲಿ ಬಿಡು. ಒಬ್ಬನಾದ್ರೂ ಇದ್ದಿಲು ತರ್ತಾನಾ ಕೇಳು," ಎಂದು ಅತ್ತೆ ಗೋಡೆಯ ಕಡೆ ಹೊರಳಿ ನಿದ್ದೆಹೋದಳು.

ಮಗಳ ಚೀಲದಿಂದ ಪೆನ್ನು ತೆಗೆದು ಅವಳು ಗೆಳೆಯರನ್ನು ಒಬ್ಬೊಬ್ಬರನ್ನಾಗಿ ಹೊಡೆದುಹಾಕುತ್ತ ಹೋದಳು. ಕೆಲವು ಕಡೆ ಕಾಗದವೇ ಹರಿಯಿತು. ಕೊನೆಗೆ ಒಪ್ಪಿಗೆಪತ್ರ ಬಂತು. 'ಕವಿಯ ಸಹಿ' ಎಂಬಲ್ಲಿ ಗಂಡನ ವಾಲಿದ ಸಹಿ. ಹರಿದುಹಾಕಲು ಕೈ ಹೋಯಿತು, ಹರಿಯಲಿಲ್ಲ. ಅವನು ಹಾಡಿದ್ದು ಸುಳ್ಳಲ್ಲ, ಚೆನ್ನಾಗಿಯೇ ಹಾಡಿದ್ದ. 'ಕವಿಯ' ಎಂಬುದನ್ನು ಹೊಡೆದು 'ಹಾಡಿದವನ' ಎಂದು ಬರೆದಳು. ಕೆಳಗೆ ಒಂದು ಗೆರೆ ಎಳೆದು 'ಕಟ್ಟಿದವಳ ಸಹಿ' ಎಂದು ಬರೆದಳು.

ಅಲ್ಲಿ ಪೆನ್ನು ತಡೆಯಿತು. ಸಹಿ ಬಿದ್ದರೆ ನಾಳೆಯಿಂದ ಅವನು ಮೂಲೆಯಲ್ಲಿ ಡಬ್ಬ ಬಡಿಯುವುದಿಲ್ಲ. ತರಕಾರಿಯವರು ಅವನನ್ನು ಬಯ್ಯುವುದಿಲ್ಲ, ಇವಳನ್ನೇ ಬಯ್ಯುತ್ತಾರೆ. ಹೊಸದಾಗಿ ಕಟ್ಟಿದ್ದು ಬಾಯಲ್ಲೇ ಹಳಸುತ್ತದೆ. ಬಾಗಿಲ ಕಡೆ ನೋಡಿದಳು. ಯಾರೂ ಬರುತ್ತಿರಲಿಲ್ಲ.

ಅಕ್ಷರಕ್ಕೊಮ್ಮೆ ಒತ್ತಿ ಸಹಿ ಹಾಕಿದಳು. ಗಂಡನ ಕೈಗೆ ಸಿಕ್ಕರೆ ಈ ಹಾಳೆ ಉಳಿಯುವುದಿಲ್ಲ. ಕಟ್ಟನ್ನು ಕಂಕುಳಲ್ಲಿ ಇರುಕಿ, ಮೇಷ್ಟ್ರ ಮನೆಗೆ ತಾನೇ ಹೊರಟಳು.