ಹನ್ನೆರಡು ಮೀಟರ್ ಕೆಳಗಿನಿಂದ

ಹನ್ನೆರಡು ಮೀಟರ್ ಆಳದಿಂದ ಮೇಲೆ ಬರಲು ಎಷ್ಟು ಹೊತ್ತು ಬೇಕು ಎನ್ನುವುದು ನನಗೆ ಪುಸ್ತಕದಿಂದ ಗೊತ್ತಿತ್ತು. ನಿಮಿಷಕ್ಕೆ ಒಂಬತ್ತು ಮೀಟರಿಗಿಂತ ವೇಗವಾಗಿ ಏರಬಾರದು. ಅಂದರೆ ಒಂದು ನಿಮಿಷ, ಅದರ ಮೇಲೆ ಇಪ್ಪತ್ತು ಸೆಕೆಂಡು. ಒಲೆಯ ಮೇಲಿಟ್ಟ ಹಾಲು ಉಕ್ಕುವುದಕ್ಕೂ ಸಾಲದ ಹೊತ್ತು. ಫುಜೈರಾದ ಸಮುದ್ರದಲ್ಲಿ ನನ್ನ ಗಂಡ ಉಸಿರಿಗಾಗಿ ಒದ್ದಾಡುತ್ತ ಮೇಲೇರಿದ ಆ ಎಂಬತ್ತು ಸೆಕೆಂಡುಗಳನ್ನು ಆಮೇಲೆ ನಾನು ಅಡುಗೆಮನೆಯಲ್ಲಿ, ಲಿಫ್ಟಿನಲ್ಲಿ, ಕೆಂಪು ಸಿಗ್ನಲ್ಲಿನ ಎದುರು ಎಷ್ಟು ಸಲ ಏರಿದ್ದೇನೋ. ಈಗಲೂ ಏರುತ್ತಿದ್ದೇನೆ.

ನಾವು ಹೋಗಬೇಕೆಂದಿದ್ದದ್ದು ಕೆರಿಬಿಯನ್ ಸಮುದ್ರದ ಒಂದು ಸಣ್ಣ ದ್ವೀಪಕ್ಕೆ. ಗಂಡನಿಗೆ ಆ ವರ್ಷ ಐವತ್ತು ತುಂಬುತ್ತಿತ್ತು. ಹುಡುಗನಾಗಿದ್ದಾಗ ರೇಡಿಯೋದ ಕ್ರಿಕೆಟ್ ಕಾಮೆಂಟರಿಯಲ್ಲಿ ಕೇಳಿದ ಬ್ರಿಜ್‌ಟೌನ್, ಪೋರ್ಟ್ ಆಫ್ ಸ್ಪೇನ್, ಕಿಂಗ್‌ಸ್ಟನ್ ಎಂಬ ಹೆಸರುಗಳು ಅವರ ತಲೆಯಲ್ಲಿ ಹಾಗೇ ಉಳಿದಿದ್ದವು. ನಮ್ಮ ಮಗಳಿಗೆ ಆಗ ಹನ್ನೆರಡು. ಅವಳಿಗೆ ಕ್ರಿಕೆಟ್ ಬೇಡ, ಹವಳದ ದಿಬ್ಬ ಬೇಕು. ಶಾಲೆಯ ಪ್ರಾಜೆಕ್ಟಿಗೆಂದು ಚಿತ್ರ ಅಂಟಿಸುತ್ತ ಶುರುವಾದ ಹುಚ್ಚು ಅದು. ಕೊನೆಗೆ ಹವಳ ಚೆನ್ನಾಗಿರುವ, ದಡದಿಂದಲೇ ನೀರಿಗಿಳಿಯಬಹುದಾದ ದ್ವೀಪವೊಂದನ್ನು ಅವಳೇ ಹುಡುಕಿದಳು.

"ಒಂದು ಒಳ್ಳೆ ಪಿಚ್ ಕೂಡ ಇಲ್ಲದ ದ್ವೀಪಕ್ಕೆ ಅಷ್ಟು ದೂರ ಹೋಗುವುದಾ?" ಎಂದರು ಇವರು.

"ಪಪ್ಪ, ಯು ಡೋಂಟ್ ಈವನ್ ಪ್ಲೇ," ಎಂದಳು ಮಗಳು.

ಯೋಜನೆಯ ಕೆಲಸ ನನ್ನ ಪಾಲಿಗೆ ಬಂತು. ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ನಮ್ಮ ಮನೆಯಲ್ಲಿ ಪಾಸ್‌ಪೋರ್ಟ್, ಶಾಲೆಯ ಕಾಗದ, ಬಾಡಿಗೆ ಕರಾರು ಎಲ್ಲ ನನ್ನ ಕಪಾಟಿನಲ್ಲೇ ಇರುತ್ತವೆ. ಯಾವ ಫಾರಂ ಬಂದರೂ ತುಂಬುವವಳು ನಾನು. ಚಂಡಮಾರುತದ ಕಾಲ ನವೆಂಬರಿಗೆ ಮುಗಿಯುತ್ತದೆ, ಆದ್ದರಿಂದ ಡಿಸೆಂಬರ್ ರಜೆಯೇ ಸರಿ. ದಾರಿ ಆಮ್‌ಸ್ಟರ್‌ಡ್ಯಾಮ್ ಮೇಲೆ, ಹಾಗಾಗಿ ವೀಸಾಕ್ಕೆ ಎರಡು ತಿಂಗಳು ಮೊದಲೇ ಓಡಾಡಬೇಕು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾದಲ್ಲಿ ಕೊನೆಯ ಮುಳುಗಿಗೂ ವಿಮಾನ ಹತ್ತುವುದಕ್ಕೂ ನಡುವೆ ಒಂದು ದಿನವಾದರೂ ಬಿಡಬೇಕು, ಇಲ್ಲದಿದ್ದರೆ ವಿಮಾನ ಮೇಲೆ ಹೋದಂತೆ ರಕ್ತದಲ್ಲಿ ಕರಗಿದ ಗಾಳಿ ಗುಳ್ಳೆಯಾಗುತ್ತದೆ. ಅಲ್ಲಿಗೆ ಹೋಗಿ ಪಾಠ ಕಲಿಯುತ್ತ ಕುಳಿತರೆ ಅರ್ಧ ರಜೆ ಹೋಯಿತು. ಆದ್ದರಿಂದ ಪಾಠ ಮತ್ತು ಈಜುಕೊಳದ ಅಭ್ಯಾಸ ಅಬುಧಾಬಿಯಲ್ಲಿ, ಸಮುದ್ರದ ನಾಲ್ಕು ಮುಳುಗು ಎಮಿರೇಟ್ಸಿನ ಪೂರ್ವ ಕರಾವಳಿಯ ಫುಜೈರಾದಲ್ಲಿ. ಕ್ಯಾಲೆಂಡರಿನ ಮೇಲೆ ಹಸಿರು ಶಾಯಿಯಲ್ಲಿ ಎಲ್ಲ ಬರೆದೆ. ನೋಡಿದವರಿಗೆ ಮದುವೆ ಮನೆ ಅನ್ನಿಸಬೇಕು.

ನಮಗೆ ಸಿಕ್ಕ ಶಿಕ್ಷಕ ಉಳ್ಳಾಲ ಕಡೆಯ ಬ್ಯಾರಿ, ನಲವತ್ತರ ಹತ್ತಿರದವರು. ಮೊದಲ ದಿನವೇ ನಮ್ಮ ಕನ್ನಡ ಕೇಳಿ ಇವರನ್ನು ಅಣ್ಣ ಎಂದೂ ನನ್ನನ್ನು ಅಕ್ಕ ಎಂದೂ ಕರೆದರು. ಕೊಳದಲ್ಲಿ ಇವರ ಮುಖವಾಡದೊಳಗೆ ಮತ್ತೆ ಮತ್ತೆ ನೀರು ನುಗ್ಗುತ್ತಿತ್ತು. ಕಾರಣ, ಕಾಲೇಜಿನಿಂದ ಸಾಕಿದ ಮೀಸೆ.

"ಅಣ್ಣ, ಒಂದು ತೀರ್ಮಾನ ಮಾಡಿ. ಮೀಸೆ ಬೇಕಾ, ಮೀನು ಬೇಕಾ?"

ಮರುವಾರ ಇವರು ಬೋಳು ತುಟಿಯಲ್ಲಿ ಬಂದರು. ಮಗಳು ಗುರುತು ಸಿಗದವಳಂತೆ "ಅಂಕಲ್" ಎಂದು ಕರೆದು ಓಡಿದಳು.

ಮುಳುಗುವವರ ಆರೋಗ್ಯದ ಫಾರಂ ತುಂಬಿದ್ದು ಕೊಳದ ಪಾಠ ಶುರುವಾಗುವ ಮೊದಲಿನ ಒಂದು ಶುಕ್ರವಾರದ ಬೆಳಿಗ್ಗೆ, ನೀರುದೋಸೆ ತಿಂದು ಮುಗಿಸಿದ ಮೇಲೆ. ಎರಡು ಪುಟ, ಉದ್ದಕ್ಕೂ ಕಾಯಿಲೆಗಳ ಹೆಸರು, ಎದುರಿಗೆ ಹೌದು ಅಥವಾ ಇಲ್ಲ. ಒಂದಕ್ಕಾದರೂ ಹೌದು ಎಂದಿದ್ದರೆ ವೈದ್ಯರ ಸಹಿ ಬೇಕು ಎಂದು ಕೆಳಗೆ ಬರೆದಿತ್ತು. ಗಂಡನ ಹಾಳೆಯಲ್ಲಿ ನಾನು ಒಂದು ಕಡೆ ನಿಂತೆ.

"ದಮ್ಮು ಉಂಟಾ ಅಂತ ಕೇಳಿದ್ದಾರೆ."

"ಯಾವ ಕಾಲದ ದಮ್ಮು ಮಾರಾಯ್ತಿ? ಧೂಳು ಎದ್ದಾಗ ಎರಡು ಸಲ ಪಂಪ್ ಒತ್ತಿದ್ರೆ ಖಲಾಸ್. ಇಲ್ಲ ಅಂತ ಹಾಕು."

"ಡಾಕ್ಟರ ಹತ್ರ ಒಂದು ಸಹಿ ಮಾಡಿಸುವನಾ?"

"ಅವ್ರು ಬರೆದದ್ದು ಕಂಪ್ಯೂಟರಿಗೆ ಹೋಗ್ತದೆ. ನಾಳೆ ವೀಸಾ ರಿನ್ಯೂ ಮಾಡುವಾಗ ಎಲ್ಲಿಂದ ತಲೆ ಹಾಕ್ತದೆ ಅಂತ ಯಾರಿಗೆ ಗೊತ್ತು? ಇಲ್ಲ ಅಂತ ಹಾಕು ನೀನು."

ಗಲ್ಫಿನಲ್ಲಿ ಬದುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೀಸಾ ಹೊಸದಾಗಿ ಮಾಡಿಸುವಾಗಲೆಲ್ಲ ರಕ್ತ ಕೊಡಬೇಕು, ಎದೆಯ ಎಕ್ಸ್-ರೇ ತೆಗೆಸಬೇಕು. ಇವರು ಬಂದ ಮೊದಲ ವರ್ಷ ಹಮ್ದಾನ್ ಸ್ಟ್ರೀಟಿನ ಹಂಚಿಕೆಯ ಕೋಣೆಯಲ್ಲಿ ಪಕ್ಕದ ಮಂಚದಲ್ಲಿದ್ದವರ ಎಕ್ಸ್-ರೇಯಲ್ಲಿ ಕ್ಷಯದ ಹಳೆಯದೊಂದು ಕಲೆ ಕಂಡು, ವೀಸಾ ಸಿಗದೆ ಅವರು ಪೆಟ್ಟಿಗೆ ಕಟ್ಟಿ ಊರಿಗೆ ಮರಳಿದ್ದರಂತೆ. ಅಂದಿನಿಂದ ಇವರಿಗೆ, ಇವರಿಂದ ನನಗೆ, ಕಾಯಿಲೆ ಎಂಬ ಪ್ರಶ್ನೆಗೆ ಇರುವುದು ಒಂದೇ ಉತ್ತರ. ದಮ್ಮಿಗೂ ವೀಸಾಕ್ಕೂ ಸಂಬಂಧವಿಲ್ಲ ಎನ್ನುವುದು ಗೊತ್ತಿಲ್ಲದ್ದೇನಲ್ಲ. ಆದರೂ ಕೈ ತನ್ನ ಪಾಡಿಗೆ ಹೋಯಿತು. ಇಲ್ಲ, ಇಲ್ಲ, ಇಲ್ಲ, ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ.

ನಾನು ಭೌತಶಾಸ್ತ್ರ ಓದಿ ಬಿಎಸ್ಸಿ ಮುಗಿಸಿದವಳು. ಒತ್ತಡ ಅರ್ಧವಾದರೆ ಗಾಳಿಯ ಗಾತ್ರ ದುಪ್ಪಟ್ಟಾಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಮುಚ್ಚಿಕೊಂಡ ಶ್ವಾಸನಾಳದ ಹಿಂದೆ ಸಿಕ್ಕಿಬಿದ್ದ ಗಾಳಿ, ಮನುಷ್ಯ ಮೇಲೇರಿದಂತೆ ಹಿಗ್ಗಿ, ಶ್ವಾಸಕೋಶವನ್ನೇ ಹರಿಯಬಲ್ಲದು. ಈ ಎರಡನ್ನೂ ಕೂಡಿಸಿ ನೋಡುವಷ್ಟು ಓದು ನನ್ನಲ್ಲಿತ್ತು. ಕೂಡಿಸಲಿಲ್ಲ.

ನವೆಂಬರಿನ ಒಂದು ಗುರುವಾರ ಸಂಜೆ ಹಜರ್ ಬೆಟ್ಟಗಳ ನಡುವಿನ ರಸ್ತೆಯಲ್ಲಿ ಫುಜೈರಾಕ್ಕೆ ಹೋದೆವು. ಶುಕ್ರವಾರ ಎರಡು ಮುಳುಗು, ಶನಿವಾರ ಎರಡು.

ನಾನು ಹುಟ್ಟಿ ಬೆಳೆದದ್ದು ಕಾಪುವಿನ ಹತ್ತಿರ, ಮನೆಯಂಗಳದಲ್ಲಿ ನಿಂತರೆ ಅಲೆಯ ಸದ್ದು ಕೇಳುತ್ತಿತ್ತು. ಆದರೆ ಹೆಣ್ಣುಮಕ್ಕಳಾದ ನಾವು ಪಾದ ಒದ್ದೆ ಮಾಡಿಕೊಂಡು ವಾಪಸ್ ಬರುವವರು. ಸಮುದ್ರ ಎಂದರೆ ಮೇಲಿನಿಂದ ಕಾಣುವ ಒಂದು ಬಯಲು, ಅಷ್ಟೇ ಅಂದುಕೊಂಡಿದ್ದೆ. ಆ ಶುಕ್ರವಾರ ಮೊದಲ ಸಲ ತಲೆ ಒಳಗೆ ಹೋದಾಗ ಅಲೆಯ ಸದ್ದು ನಿಂತೇ ಹೋಯಿತು. ನನ್ನ ಉಸಿರಿನ ಸದ್ದು ಮಾತ್ರ, ಯಾರೋ ದೊಡ್ಡವರು ಪಕ್ಕದಲ್ಲಿ ನಿದ್ದೆ ಮಾಡುತ್ತಿದ್ದ ಹಾಗೆ. ಬೆಳಕು ಕೋಲುಕೋಲಾಗಿ ಇಳಿದು ಮರಳಿನ ಮೇಲೆ ನಡುಗುತ್ತಿತ್ತು. ಬಂಡೆಯ ಸಂದಿಯಿಂದ ನೂರಾರು ಹಳದಿ ಮೀನುಗಳು ಒಟ್ಟಿಗೆ ಹೊರಬಂದು, ನಮ್ಮನ್ನು ಕಂಡು, ಒಟ್ಟಿಗೇ ತಿರುಗಿದವು. ಮಗಳು ಅವುಗಳ ನಡುವೆ ಮಲಗಿದಂತೆ ತೇಲುತ್ತಿದ್ದಳು. ನಾನು ಹೆತ್ತವಳು ಇಷ್ಟು ಹಗುರ ಇರಬಲ್ಲಳು ಎನ್ನುವುದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಶನಿವಾರ ಬೆಳಿಗ್ಗೆ ಗಾಳಿಯಲ್ಲಿ ಧೂಳಿತ್ತು. ಇವರು ಎರಡು ಮೂರು ಸಲ ಕೆಮ್ಮಿದರು. ಕೇಳಿದ್ದಕ್ಕೆ "ಹೋಟೆಲಿನ ಎಸಿ" ಎಂದರು. ಮೂರನೆಯ ಮುಳುಗು ಸರಿಯಾಗಿಯೇ ಆಯಿತು. ನಾಲ್ಕನೆಯದು ಹನ್ನೆರಡು ಮೀಟರ್.

ಕೆಳಗೆ ಆಮೆಯೊಂದು ಬಂಡೆಯ ಮೇಲಿನ ಪಾಚಿ ಕೀಳುತ್ತಿತ್ತು. ನಾವು ನಾಲ್ವರೂ ಮರಳಿನ ಮೇಲೆ ಮೊಣಕಾಲೂರಿ, ದೇವರ ಎದುರು ಕುಳಿತವರಂತೆ ಅದನ್ನು ನೋಡುತ್ತಿದ್ದೆವು. ಆಗ ಇವರು ಮುಷ್ಟಿಯಿಂದ ತಮ್ಮ ಎದೆ ತಟ್ಟಿದರು. ಗಾಳಿ ಕಡಿಮೆಯಾಗಿದೆ ಎನ್ನುವ ಸನ್ನೆ ಅದು. ಶಿಕ್ಷಕರು ತಕ್ಷಣ ಇವರ ಗಾಳಿಯ ಮೀಟರ್ ಎತ್ತಿ ನೋಡಿದರು, ನನಗೂ ಕಾಣಿಸಿತು. ಮುಳ್ಳು ಅರ್ಧಕ್ಕಿಂತ ಮೇಲಿತ್ತು. ಸಿಲಿಂಡರಿನಲ್ಲಿ ಗಾಳಿ ಇತ್ತು. ಮನುಷ್ಯನಿಗೆ ಇರಲಿಲ್ಲ.

ಮರುಕ್ಷಣ ಇವರು ನೆಲ ಒದ್ದು ಮೇಲಕ್ಕೆ ಚಿಮ್ಮಿದರು. ಶಿಕ್ಷಕರ ಕೈಗೆ ಮೊದಲು ಸಿಕ್ಕಿದ್ದು ಇವರ ಕಾಲು, ಆಮೇಲೆ ಎದೆಯ ಪಟ್ಟಿ. ಕೆಳಗೆ ಎಳೆದು ಮುಖಕ್ಕೆ ಮುಖ ಕೊಟ್ಟು ನಿಂತರು. ಇವರು ಬಾಯಿಯ ನಳಿಗೆಯನ್ನು ಉಗುಳಲು ನೋಡಿದಾಗ ಅಂಗೈಯಿಂದ ಒತ್ತಿ ಹಿಡಿದರು. ಇನ್ನೊಂದು ಕೈಯಿಂದ ನಮಗೆ ದೋಣಿಯಿಂದ ಇಳಿಬಿಟ್ಟಿದ್ದ ಹಗ್ಗ ತೋರಿಸಿದರು: ಹಿಡಿಯಿರಿ, ಏರಿ, ನಿಧಾನ. ನಾನು ಮಗಳ ಮಣಿಕಟ್ಟು ಹಿಡಿದೆ.

ಆ ಎಂಬತ್ತು ಸೆಕೆಂಡು ನಾನು ಇವರ ಮುಖ ನೋಡಲಿಲ್ಲ. ಗುಳ್ಳೆಗಳನ್ನು ನೋಡಿದೆ. ಬಾಯಿಂದ ಹೊರಟಾಗ ನಾಣ್ಯದಷ್ಟಿದ್ದ ಗುಳ್ಳೆ, ನನ್ನ ತಲೆಯ ಮೇಲೆ ತಟ್ಟೆಯಷ್ಟಾಗಿ, ಬೆಳ್ಳಿಯ ಅಂಚು ಹೊಳೆಯಿಸುತ್ತ ಹೋಗುತ್ತಿತ್ತು. ಎಷ್ಟು ಚೆಂದ ಇತ್ತು ಎಂದು ಹೇಳಲು ಇಂದಿಗೂ ನಾಚಿಕೆಯಾಗುತ್ತದೆ. ಗುಳ್ಳೆ ಬರುತ್ತಿದೆ ಎಂದರೆ ಗಾಳಿ ಹೊರಗೆ ಹೋಗುತ್ತಿದೆ, ಎದೆ ಒಡೆಯುವುದಿಲ್ಲ. ನಡುವೆ ಒಂದು ಕಡೆ ಗುಳ್ಳೆ ನಿಂತಿತು. ನೀರು ಖಾಲಿ. ಶಿಕ್ಷಕರು ಏರುವುದನ್ನೂ ನಿಲ್ಲಿಸಿದರು. ಮುಷ್ಟಿಯನ್ನು ಇವರ ಹೊಟ್ಟೆಗೆ ಒತ್ತಿ, ಕಣ್ಣಲ್ಲಿ ಕಣ್ಣಿಟ್ಟು, ಇನ್ನೊಂದು ಕೈಯನ್ನು ತಮ್ಮ ಬಾಯಿಂದ ಮುಂದಕ್ಕೆ ಚಾಚಿ ಚಾಚಿ ತೋರಿಸಿದರು: ಊದಿ, ಊದಿ. ಸಣ್ಣದೊಂದು ಗುಳ್ಳೆಯ ಸಾಲು ಬಂತು. ಅದರ ಹಿಂದೆ ಇನ್ನೊಂದು. ಮತ್ತೆ ಏರಿದರು. ಅಷ್ಟು ಹೊತ್ತೂ ಆ ಮನುಷ್ಯನ ಕಣ್ಣು ಒಮ್ಮೆಯೂ ಪಿಳುಕಲಿಲ್ಲ, ಕಾಲು ಒಮ್ಮೆಯೂ ಆತುರಪಡಲಿಲ್ಲ.

ದೋಣಿಯಲ್ಲಿ ಮಲಗಿಸಿದಾಗ ಇವರ ತುಟಿ ನೇರಳೆಹಣ್ಣು ತಿಂದವರ ತುಟಿಯಂತಿತ್ತು. ಎದೆಯಿಂದ ಹರಕು ಕೊಳಲಿನ ಸದ್ದು. ಆಮ್ಲಜನಕದ ಮುಖವಾಡ ಹಾಕುತ್ತ ಶಿಕ್ಷಕರು ಕೇಳಿದರು:

"ಅಕ್ಕ, ಅಣ್ಣನಿಗೆ ದಮ್ಮು ಉಂಟಾ?"

"ಇಲ್ಲ," ಎಂದೆ.

ಗಂಡ ಕಾಲಬುಡದಲ್ಲಿ ಒದ್ದಾಡುತ್ತಿರುವಾಗಲೂ ನನ್ನ ನಾಲಿಗೆ ಹೇಳಿದ್ದು ಅದನ್ನೇ.

"ಅಮ್ಮ!" ಮಗಳು ಕಿರುಚಿದಳು. "ಹೀ ಹ್ಯಾಸ್ ಆನ್ ಇನ್ಹೇಲರ್! ಇಟ್ಸ್ ಇನ್ ದ ಕಾರ್!"

ಶಿಕ್ಷಕರು ದೋಣಿ ನಡೆಸುವವನ ಕಡೆ ತಿರುಗಿ "ಯಲ್ಲಾ, ಯಲ್ಲಾ" ಎಂದು ಅವಸರಪಡಿಸಿದರು. ಆಮೇಲೆ ನನ್ನ ಕಡೆ ನೋಡದೆ ಮೆಲ್ಲಗೆ ಹೇಳಿದರು: "ಅಕ್ಕ, ಇದು ವೀಸಾದ ಮೆಡಿಕಲ್ ಅಲ್ಲ. ಸಮುದ್ರ ಯಾರನ್ನೂ ಊರಿಗೆ ಕಳಿಸುವುದಿಲ್ಲ."

ದಡ ಮುಟ್ಟುವ ಮೊದಲೇ ಮಗಳು ನೀರಿಗೆ ಹಾರಿ ಕಾರಿನತ್ತ ಓಡಿದಳು. ಪಂಪ್ ಒತ್ತಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ತುಟಿಯ ಬಣ್ಣ ತಿರುಗಿತು. ಆಸ್ಪತ್ರೆಯಲ್ಲಿ ಎದೆಯ ಎಕ್ಸ್-ರೇ ತೆಗೆದರು. ಇಷ್ಟು ವರ್ಷ ಹೆದರುತ್ತ ಬಂದ ಆ ಕಪ್ಪು ಹಾಳೆಯನ್ನು ವೈದ್ಯೆ ಬೆಳಕಿಗೆ ಹಿಡಿದಾಗ ನಾನು ಮೊದಲ ಬಾರಿಗೆ ಕಣ್ಣು ಬಿಟ್ಟು ನೋಡಿದೆ. ಎರಡು ಕಡೆಯೂ ಪಕ್ಕೆಲುಬುಗಳು, ನಡುವೆ ಗಾಳಿ ತುಂಬಿದ ಕತ್ತಲೆ. ಎಲ್ಲೂ ಹರಿದಿರಲಿಲ್ಲ. "ಇಷ್ಟರಲ್ಲಿ ಮುಗಿದದ್ದು ನಿಮ್ಮ ಪುಣ್ಯ. ಇನ್ನು ಮುಳುಗುವ ಮಾತು ಬೇಡ, ಯಾವತ್ತಿಗೂ," ಎಂದರು ಅವರು.

ಹೊರಗೆ ಬೆಂಚಿನ ಮೇಲೆ ಶಿಕ್ಷಕರು ಇನ್ನೂ ಒದ್ದೆ ಬಟ್ಟೆಯಲ್ಲೇ ಕುಳಿತಿದ್ದರು. ಫಾರಂ ತುಂಬಿದವಳು ನಾನೇ ಎಂದು ಹೇಳಿದೆ. ಅವರು ಸರಿದು ಬೆಂಚಿನಲ್ಲಿ ನನಗೆ ಜಾಗ ಬಿಟ್ಟರು.

"ನಾವೆಲ್ಲ ಹಾಗೆಯೇ ಬರೆಯುವುದು ಅಕ್ಕ. ಆದ್ರೆ ಏನಾದ್ರೂ ಆಗಿದ್ರೆ ನನ್ನ ಲೈಸನ್ಸ್ ಹೋಗ್ತಿತ್ತು. ಲೈಸನ್ಸ್ ಹೋಗ್ಲಿ, ಆ ಹುಡುಗಿಯ ಮುಖ ನಾನು ಹೇಗೆ ನೋಡುವುದು?"

ಎದ್ದು ಹೋಗಿ ಮಗಳಿಗೊಂದು ನೀರಿನ ಬಾಟಲಿ ತಂದುಕೊಟ್ಟರು.

ಮನೆಗೆ ಬಂದ ಮೇಲೆ ನಾನು ಪ್ರಯಾಣ ರದ್ದು ಮಾಡುವ ಎಂದೆ. ಮಗಳು ತನ್ನ ಹವಳದ ಪುಸ್ತಕವನ್ನು ತೆಗೆದು ಕಪಾಟಿನ ಮೇಲಿನ ಖಾನೆಗಿಟ್ಟಳು. ಸೋಫಾದಲ್ಲಿ ದಿಂಬಿಗೊರಗಿದ್ದ ಇವರು ಅದನ್ನು ನೋಡಿದರು.

"ಎಂತಕ್ಕೆ ರದ್ದು? ಡಾಕ್ಟರು ಮುಳುಗ್ಬೇಡಿ ಅಂದದ್ದು. ತೇಲ್ಬೇಡಿ ಅಂತ ಹೇಳಿದ್ರಾ?"

"ನಿಮ್ಮನ್ನು ಮೇಲೆ ಬಿಟ್ಟು ನಾನು ಕೆಳಗೆ ಹೋಗುವುದಿಲ್ಲ."

"ಅವಳೊಬ್ಬಳನ್ನೇ ಕಳಿಸ್ತೀಯಾ ಹಾಗಾದ್ರೆ? ಈ ಪ್ರಾಯದವರ ಜೊತೆ ಮುಳುಗ್ಲಿಕ್ಕೆ ದೊಡ್ಡವರು ಬೇಕು ಅಂತ ನೀನೇ ಕ್ಯಾಲೆಂಡರಿನಲ್ಲಿ ಬರೆದದ್ದಲ್ವಾ?"

ಅಬುಧಾಬಿಯಲ್ಲಿ ಎದೆಯ ವೈದ್ಯರೊಬ್ಬರನ್ನು ಕಂಡೆವು. ತೇಲುವ ಅಂಗಿ ತೊಟ್ಟು ನೀರಿನ ಮೇಲ್ಮೈಯಲ್ಲಿ, ಔಷಧ ಕೈಗೆಟಕುವ ಹಾಗೆ ಇಟ್ಟುಕೊಂಡು, ಹತ್ತಿರ ಒಬ್ಬರು ಜೊತೆಗಿದ್ದರೆ ಅಡ್ಡಿಯಿಲ್ಲ ಎಂದರು. ಬಾಕಿ ಉಳಿದ ಮುಳುಗಿಗೆ ನಾನೂ ಮಗಳೂ ಫುಜೈರಾಕ್ಕೆ ಹೋಗಿ ಬಂದೆವು. ನೀರಿಗೆ ಬೀಳುವ ಮೊದಲು ನನ್ನ ಕಾಲು ದೋಣಿಯ ಅಂಚನ್ನು ಬಿಡಲಿಲ್ಲ. ಶಿಕ್ಷಕರು ಅವಸರ ಮಾಡಲಿಲ್ಲ. ಮಗಳು ಕೆಳಗಿನಿಂದ ಕೈ ಚಾಚಿದಳು.

ಡಿಸೆಂಬರಿನಲ್ಲಿ ಆ ದ್ವೀಪದ ನೀರಿಗೆ ಇಳಿದೆವು. ದಡದ ಹತ್ತಿರವೇ ಹವಳದ ಗೋಡೆ ಕೆಳಕ್ಕೆ ಇಳಿದಿತ್ತು. ಬೀಸಣಿಗೆಯಂಥವು, ಕೊಳವೆಯಂಥವು, ಜಿಂಕೆಯ ಕೊಂಬಿನಂಥವು. ಅಂಥ ನೀಲಿ ನಾನು ಬಟ್ಟೆಯಲ್ಲಿ ಕಂಡಿಲ್ಲ, ಆಕಾಶದಲ್ಲೂ ಕಂಡಿಲ್ಲ. ಮಗಳು ಸನ್ನೆ ಮಾಡಿ ಮಾಡಿ ಒಂದೊಂದನ್ನೂ ತೋರಿಸುತ್ತಿದ್ದಳು, ಅದರತ್ತ ಒಮ್ಮೆ ತಿರುಗಿ ನಾನು ಮತ್ತೆ ಕತ್ತೆತ್ತುತ್ತಿದ್ದೆ. ಹತ್ತು ಮೀಟರ್ ಮೇಲೆ, ಬೆಳಕಿನ ಚಾವಣಿಗೆ ಅಂಟಿದ ಹಾಗೆ, ಇವರು ಮುಖ ಕೆಳಗೆ ಮಾಡಿ ಕೈ ಅಗಲಿಸಿ ತೇಲುತ್ತಿದ್ದರು. ಪಕ್ಕದಲ್ಲಿ, ಅವರ ಕಾವಲಿಗೆಂದು ಗೊತ್ತುಮಾಡಿದ್ದ ಸಣ್ಣ ದೋಣಿಯ ಹುಟ್ಟು. ನನ್ನ ಗುಳ್ಳೆಗಳು ದೊಡ್ಡದಾಗುತ್ತ ಹೋಗಿ ಅವರ ಹೊಟ್ಟೆಯ ಕೆಳಗೆ ಒಡೆಯುತ್ತಿದ್ದವು. ಪ್ರತಿ ಸಲ ಒಡೆದಾಗಲೂ ಅವರು ಕೈ ಆಡಿಸುತ್ತಿದ್ದರು.

ದಡದಲ್ಲಿ ಟವೆಲ್ ಸುತ್ತಿಕೊಂಡು ಕುಳಿತಾಗ ಇವರು ಕೇಳಿದರು, "ಹೇಳಿ, ಏನೆಲ್ಲ ಕಂಡಿರಿ?"

ಮಗಳು ಉಸಿರು ಬಿಡದೆ ಹೇಳತೊಡಗಿದಳು. ಗಿಳಿಮೀನು, ಕಡಲಕುದುರೆ, ತಲೆಯಷ್ಟು ದೊಡ್ಡ ಹವಳ, ಅದರೊಳಗೆ ಅಡಗಿದ ಸೀಗಡಿ.

"ನೀನು?" ಎಂದರು ನನ್ನನ್ನು.

"ನಿಮ್ಮ ಎರಡು ಕಾಲು," ಎಂದೆ.

"ಅಷ್ಟು ದೂರ ಬಂದು ನೋಡಿದ್ದು ಅದನ್ನಾ ಮಾರಾಯ್ತಿ!" ಎಂದು ನಕ್ಕರು. ನಕ್ಕ ಮೇಲೆ ಸಣ್ಣಗೆ ಕೆಮ್ಮು ಬಂತು. ನಾವಿಬ್ಬರೂ ಮಾತು ನಿಲ್ಲಿಸಿ, ಅದು ಮುಗಿಯುವವರೆಗೆ ಅವರನ್ನೇ ನೋಡುತ್ತ ಕುಳಿತೆವು.