ಅಪ್ಪನ ಕೊರಳಾಗಿನ ತುಳಸಿ ಮಾಲಿ

ತಮ್ಮಾ, ನನ್ನ ಮೊಮ್ಮಗಳು ಇವತ್ತು “ಸೋಬರ್ ಅಂದ್ರ ಏನ್ ಆಯಿ?” ಅಂದಳು. ಕುಡಿಯದವರು, ಕುಡಿಯೋದು ಬಿಟ್ಟವರು ಅಂದೆ. ಆಕಿ ಮೊಬೈಲಿನಾಗ ಹುಡುಕಿ, ಅದು ಲ್ಯಾಟಿನ್ ಮೂಲದ ಮಾತು, ‘ಅಮಲಿನಿಂದ ದೂರ’ ಅಂತ ಅರ್ಥ ಅಂತ ಓದಿದಳು. ಅಂದ್ರ ಆ ಮಾತಿನ ಹೊಟ್ಟಿಯೊಳಗೂ ಅಮಲು ಕೂತೇ ಐತಿ. ರಾಜೇಶ್ವರ ಊರಾಗಿನ ನಮ್ಮ ಮನಿ ನೆನಪಾತು.

ತಮ್ಮಾ, ನೀ ಆಗ ತೊಟ್ಟಿಲದಾಗಿದ್ದಿ. ಅಪ್ಪ ಪಂಢರಪುರದಾಗ ತುಳಸಿ ಮಾಲಿ ಹಾಕಿಸಿಕೊಂಡು ಸಿಂದಿ ಕುಡಿಯೋದು ಬಿಟ್ಟಿದ್ದ. ಮಾಲಿ ಹಾಕಿದವರು ಕುಡಿಯಂಗಿಲ್ಲ. ಕುಡಿಯಬೇಕಂದ್ರ ಅದನ್ನ ತೆಗೆದು ಮನಿ ಗೋಡಿ ಗೂಟಕ್ಕ ಹಾಕಿ ಹೋಗಬೇಕು. ಹಿಂಗಾಗಿ ದೀಪ ಹಚ್ಚೋ ಹೊತ್ತಿಗೆ ಅವ್ವ ಒಲಿ ಮುಂದಿಂದ ಎದ್ದೆದ್ದು ಗೂಟ ನೋಡತಿದ್ದಳು. ಆಕಿ ಹಿಂದ ನಾನು.

ಒಂದಿನ ಹುಮನಾಬಾದ್ ಸಂತಿಗೆ ಹೋದ ಅಪ್ಪ ಹೊತ್ತು ಮುಳುಗಿದರೂ ಬರಲಿಲ್ಲ. ಗೂಟದಾಗ ಮಾಲಿ ಇರಲಿಲ್ಲ, ಆದರೂ ಅವ್ವಗ ಸಮಾಧಾನ ಇಲ್ಲ. “ತೆಗೆದು ಕಿಸೆದಾಗ ಇಟ್ಕೊಂಡಿದ್ದರ?” ಅಂದಳು.

ಅಪ್ಪ ಬಂದ ಕೂಡಲೇ ನೀರು ಕೊಡೋ ನೆವದಾಗ ಹತ್ತಿರ ಹೋಗಿ ವಾಸನಿ ನೋಡಿದಳು. ಅಪ್ಪ ಅಂಗಿ ಗುಂಡಿ ಬಿಚ್ಚಿ ಮಾಲಿ ತೋರಿಸಿದ. “ಬಸ್ ಕೆಟ್ಟು ನಿಂತಿತ್ತ. ಮೂಸೋದು ಮುಗೀತಂದ್ರ ರೊಟ್ಟಿ ಹಾಕು” ಅಂದ.

ಅಪ್ಪ ಸಾಯೋತನಕ ಕುಡಿಯಲಿಲ್ಲ. ಅವ್ವ ನೋಡೋದನ್ನೂ ಬಿಡಲಿಲ್ಲ.

“ಬಿಟ್ಟವರಿಗೆ ಒಂದು ಮಾತು ಮಾಡ್ಯಾರ, ಅವರ ದಾರಿ ಕಾಯೋರಿಗೆ ಏನಂತಾರ, ಅದನ್ನೂ ಹುಡುಕವ್ವ” ಅಂದೆ. ಮೊಮ್ಮಗಳು ಇನ್ನೂ ಹುಡುಕಾಕತ್ತಾಳ.